ಮೂಲಂಗಿ ರುಚಿಯಾಗಿದೆಯಂತೆ

ಬದುಕಿನಲ್ಲಿ ಮೊದಲ ಸಲ ನಾನು ಬಾರಿನೊಳಗೆ ಕಾಲಿಟ್ಟದ್ದು ಗಿರಾಕಿಯಾಗಿ ಅಲ್ಲ, ಎಂಟು ಜನರಿಗೆ ದಾರಿ ತೋರಿಸುವ ಗೈಡಾಗಿ. ನನಗೆ ವಯಸ್ಸು ನಲವತ್ತೆರಡು. ಕುಡಿಯುವುದಿಲ್ಲ, ಮೀನು ಮೊಟ್ಟೆ ಮುಟ್ಟುವುದಿಲ್ಲ. ಮೆಲ್ಬರ್ನ್ ಪೇಟೆಯ ಸಂದಿಗೊಂದಿಗಳಲ್ಲಿರುವ ಮೂರು ಜಪಾನಿ ಬಾರುಗಳನ್ನು ಒಂದೇ ಸಂಜೆಯಲ್ಲಿ ಸುತ್ತಿಸಿ, ಎಲ್ಲಿ ಏನು ತಿನ್ನಬೇಕು, ಅದರ ಜೊತೆ ಏನು ಕುಡಿಯಬೇಕು ಎಂದು ಹೇಳುವ ಕೆಲಸ. ಸಂಜೆ ಅನ್ನುವುದು ಹೆಸರಿಗೆ ಮಾತ್ರ. ಡಿಸೆಂಬರಿನಲ್ಲಿ ಇಲ್ಲಿ ಎಂಟೂವರೆಯವರೆಗೆ ಬಿಸಿಲಿರುತ್ತದೆ. ನಮ್ಮ ಕಡೆ ಬಾರಿಗೆ ಹೋಗುವವರು ಕತ್ತಲಾಗಲಿ ಎಂದು ಕಾಯುತ್ತಾರೆ, ಹೋದ ಮೇಲೂ ಪರದೆ ಎಳೆದುಕೊಳ್ಳುತ್ತಾರೆ. ಮೈಸೂರಿನಲ್ಲಿ ನಮ್ಮ ಬೀದಿಯ ತುದಿಯಲ್ಲೊಂದು ಬಾರಿತ್ತು. ಅದರ ಮುಂದೆ ಹಾಯಬೇಕಾದಾಗಲೆಲ್ಲ ನಾವು ಹುಡುಗಿಯರು ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದೆವು. ಇಲ್ಲಿ ಹಾಡಹಗಲಲ್ಲಿ, ಕೈಯಲ್ಲಿ ಹಸಿರು ಬಾವುಟ ಹಿಡಿದು, ಎಂಟು ಜನರನ್ನು ನಾನೇ ಒಳಗೆ ಕರೆದುಕೊಂಡು ಹೋದೆ.

ಈ ಕೆಲಸ ಸಿಕ್ಕಿದ್ದು ಜಪಾನಿ ಭಾಷೆಯಿಂದ. ಬಿಡದಿಯ ಹತ್ತಿರದ ಒಂದು ಕಾರ್ಖಾನೆಗೆ ಬರುತ್ತಿದ್ದ ಜಪಾನಿ ಇಂಜಿನಿಯರುಗಳಿಗೆ ಹನ್ನೊಂದು ವರ್ಷ ದುಭಾಷಿಯಾಗಿದ್ದೆ. ಜಪಾನನ್ನು ಮಾತ್ರ ಇವತ್ತಿನವರೆಗೂ ಕಂಡಿಲ್ಲ. ಆ ಭಾಷೆಯನ್ನು ನಾನು ಕಲಿತದ್ದು ಇಂಗ್ಲಿಷಿನ ಮೂಲಕ ಅಲ್ಲ, ಕನ್ನಡದ ಮೂಲಕ. ನಮ್ಮ ಹಾಗೆಯೇ ಅವರೂ ಕ್ರಿಯಾಪದವನ್ನು ಕೊನೆಗೆ ಇಡುತ್ತಾರೆ. ನಾವು ಮಾತಿನ ಬಾಲಕ್ಕೆ 'ಅಲ್ವಾ' ಸೇರಿಸಿದ ಹಾಗೆ ಅವರು 'ನೇ' ಸೇರಿಸುತ್ತಾರೆ. ಹೆಸರಿಗೆ 'ಸಾನ್' ಹಚ್ಚಿದರೆ ನಮ್ಮ 'ಅವರು' ಆಯಿತು.

ಗಂಡ ಗಿರೀಶನಿಗೆ ಇಲ್ಲಿ ಸೇತುವೆಗಳ ವಿನ್ಯಾಸ ಮಾಡುವ ಕೆಲಸ ಸಿಕ್ಕಿತು, ಇಲ್ಲೇ ನೆಲೆಸಲು ಪಿಆರ್ ಕೂಡ ಬಂತು, ಹೋದ ವರ್ಷ ಮಗಳನ್ನು ಕರೆದುಕೊಂಡು ಟಾರ್ನೀಟ್‌ಗೆ ಬಂದಿಳಿದೆವು. ಟಾರ್ನೀಟ್ ಎಂದರೆ ಊರ ಪಶ್ಚಿಮದಲ್ಲಿ ಹೊಸದಾಗಿ ಎದ್ದಿರುವ ಬಡಾವಣೆಗಳ ರಾಶಿ. ಸಾಂಬಾರು ಪುಡಿ, ಸೋನಾ ಮಸೂರಿ, ಹುಣಸೆಹಣ್ಣು ಎಲ್ಲ ಐದು ನಿಮಿಷದ ದೂರದಲ್ಲಿ ಸಿಗುತ್ತವೆ. ಸಿಗದಿರುವುದು ನಮ್ಮ ಮನೆ. ಎಲ್ಲ ಮನೆಗಳಿಗೂ ಅದೇ ಬೂದು ಬಣ್ಣ, ಅದೇ ಗರಾಜು, ಅದೇ ಅಳತೆಯ ಹುಲ್ಲು. ಮೊದಲ ತಿಂಗಳು ಎರಡು ಸಲ ಬೇರೆಯವರ ಬಾಗಿಲಿಗೆ ಬೀಗದ ಕೈ ಹಾಕಿದ್ದೇನೆ. ರಜೆಯ ದಿನಗಳಲ್ಲಿ ಅದೇ ಇಂಜಿನಿಯರುಗಳನ್ನು ಮೈಸೂರು ಅರಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಸುತ್ತಿಸುತ್ತಿದ್ದವಳು ನಾನೇ.

ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತೆ. ಅರ್ಜಿ ಹಾಕಿದಲ್ಲೆಲ್ಲ 'ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ' ಎಂಬ ಒಂದೇ ಪ್ರಶ್ನೆ. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತ, ನಲ್ಲಿಯ ಜೊತೆ ಜಪಾನಿಯಲ್ಲಿ ಮಾತಾಡುತ್ತಿದ್ದೇನೆ ಎಂದು ಗೊತ್ತಾಗಿ ಹೆದರಿದೆ. ಹನ್ನೊಂದು ವರ್ಷದ ಭಾಷೆ ಕೈಬಿಟ್ಟು ಹೋಗುತ್ತಿತ್ತು. ಅದು ಹೋದರೆ ನಾನು ಏನೂ ಬಾರದವಳು ಎಂದೇ ಅನ್ನಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಕೆಲಸದ ಜಾಹೀರಾತು ಕಂಡಿತು. ಅವರ ಹಳೆಯ ಗೈಡು ಜಪಾನಿಗೆ ವಾಪಸು ಹೋಗಿದ್ದಳು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆಕೆ, "ಆಗ್ಲಿ ಬಿಡೆ, ಒಳ್ಳೇದೇ. ಆದ್ರೆ ಇಲ್ಲಿ ಯಾರಾದ್ರೂ ಕೇಳಿದ್ರೆ ನಾನು ಹೋಟ್ಲು ಅಂತೀನಿ, ನೀನೂ ಹಂಗೇ ಅನ್ನು" ಎಂದಳು.

ನನ್ನನ್ನು ಪರೀಕ್ಷೆಗೆ ತೆಗೆದುಕೊಂಡವನು ಡೇವ್, ಆ ಪುಟ್ಟ ಕಂಪನಿಯ ಯಜಮಾನ, ಮಾತು ಕಡಿಮೆ. ಮೊದಲ ಸಂಜೆ ಗುಂಪಿನ ಹಿಂದೆಯೇ ನಡೆದು ಬಂದ. ದಾರಿ ತಪ್ಪಲಿಲ್ಲ, ಹೊತ್ತು ಮೀರಲಿಲ್ಲ, ಗೆದ್ದೆ ಎಂದುಕೊಂಡಿದ್ದೆ. ಕೊನೆಗೆ ಅವನು ಬಳಿಗೆ ಬಂದು, "ವನಜಾ, ನಾನು ಎಣಿಸಿದೆ. ಹದಿನೇಳು ಸಲ 'ಅಪ್ಯಾರೆಂಟ್ಲಿ' ಅಂದಿರಿ" ಎಂದ.

ಅಂದಿರಬಹುದು. ನೋಡಿ, ನಾನು ತಿನ್ನದ ಮೀನನ್ನು ರುಚಿಯಾಗಿದೆ ಎಂದು ಹೇಗೆ ಹೇಳಲಿ? ಕನ್ನಡದಲ್ಲಾದರೆ 'ರುಚಿಯಾಗಿದೆಯಂತೆ' ಎಂದರೆ ಮುಗಿಯಿತು. ಹೇಳಿದ ಹಾಗೂ ಆಯಿತು, ಸುಳ್ಳು ಹೇಳದ ಹಾಗೂ ಆಯಿತು. 'ಅಂತೆ' ಎನ್ನುವುದನ್ನು ನಾವು ಯೋಚಿಸಿ ಬಳಸುವುದಿಲ್ಲ, ಕಣ್ಣಲ್ಲಿ ಕಾಣದ್ದಕ್ಕೆ ಅದು ತಾನಾಗಿ ಅಂಟಿಕೊಳ್ಳುತ್ತದೆ. ಪಕ್ಕದ ಮನೆಯ ಮದುವೆ ಮುರಿಯಿತಂತೆ, ಬೆಂಗಳೂರಲ್ಲಿ ಮಳೆಯಂತೆ. ಇಂಗ್ಲಿಷಿನಲ್ಲಿ ಇದಕ್ಕೆ ಬಾಲವಿಲ್ಲ, ಬೇರೆ ಮಾತನ್ನೇ ಹುಡುಕಬೇಕು. ಹಾಗೆ ಹುಡುಕಿದ್ದು 'ಅಪ್ಯಾರೆಂಟ್ಲಿ'. ಅದರಲ್ಲಿ ಅನುಮಾನದ ವಾಸನೆ ಇದೆ ಎಂದು ನನಗೆ ತಿಳಿದಿರಲಿಲ್ಲ. ಈ ಬಾರು ತುಂಬ ಹಳೆಯದು, ಅಪ್ಯಾರೆಂಟ್ಲಿ. ಈ ಮೀನು ತಾಜಾ, ಅಪ್ಯಾರೆಂಟ್ಲಿ. ಕೇಳಿದವರಿಗೆ ನಾನು ಅಂಗಡಿಯವರ ಮೇಲೆ ಚಾಡಿ ಹೇಳಿದ ಹಾಗೆ ಕೇಳಿಸಿರಬೇಕು.

"ಅವರು ಬರೋದು ಖಾತ್ರಿಯಾಗಿ ಗೊತ್ತಿರೋರು ಜೊತೆಗಿರಲಿ ಅಂತ" ಎಂದ ಡೇವ್. "ಮುಂದಿನ ಬುಧವಾರ ಇನ್ನೊಂದು ಸಲ ನೋಡೋಣ. ಅವತ್ತೂ ಹೀಗೇ ಆದರೆ ಗೈಡುಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಹಾಕೋಕೆ ಆಗಲ್ಲ."

ಬುಧವಾರದ ಗುಂಪಿನಲ್ಲಿ ಬೆವ್ ಎಂಬ ಹೆಂಗಸಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಹಳ್ಳಿಗಾಡಿನ ಕಡೆಯವರು, ಪ್ರಶ್ನೆಗಳ ಮೂಟೆ. ಮೊದಲ ಜಾಗ ಮೆಟ್ಟಿಲಿಳಿದು ಹೋಗುವ ಒಂದು ಇಜಾಕಾಯಾ. ಇಜಾಕಾಯಾ ಎಂದರೆ ಕುಡಿತಕ್ಕೆ ಊಟ, ಊಟಕ್ಕೆ ಕುಡಿತ, ಎರಡಕ್ಕೂ ಹರಟೆ ಇರುವ ಪುಟ್ಟ ಅಂಗಡಿ. ಅಲ್ಲಿ ಎದಮಾಮೆ ಬಂತು. ಉಪ್ಪು ನೀರಲ್ಲಿ ಬೇಯಿಸಿದ ಎಳೆಯ ಸೋಯಾಕಾಯಿ, ಸಿಪ್ಪೆ ಸಮೇತ. ಅದನ್ನು ಹೇಗೆ ತಿನ್ನುವುದು ಎಂದು ಎಂಟೂ ಜನ ನನ್ನನ್ನು ನೋಡಿದರು. ಅವರೆಕಾಯಿ ಬಿಡಿಸಿ, ನೆನೆಸಿ, ರಾಶಿಗಟ್ಟಲೆ ಹಿತುಕಿದ ಕೈ ಇದು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದೆ, ಕಾಳು ಜಿಗಿದು ನೇರ ಬಾಯಿಗೆ ಬಿತ್ತು. ಬೆವ್ ಚಪ್ಪಾಳೆ ತಟ್ಟಿದರು. "ಇದು ರುಚಿಯಾಗಿದೆ" ಎಂದೆ, ಬಾಲವಿಲ್ಲದೆ. ಬಾಗಿಲ ಹತ್ತಿರ ನಿಂತಿದ್ದ ಡೇವ್ ತಲೆ ಎತ್ತಿದ.

ಅಲ್ಲಿ ಇನ್ನೊಂದು ಪದ್ಧತಿಯನ್ನೂ ಹೇಳಿಕೊಟ್ಟೆ. ಜಪಾನಿಗಳು ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವರು ಸುರಿಯಬೇಕು. ನಮ್ಮಲ್ಲೂ ಪಂಕ್ತಿಯಲ್ಲಿ ಕೂತವರು ತಾವೇ ಬಡಿಸಿಕೊಳ್ಳುವುದಿಲ್ಲವಲ್ಲ. ಬೇಡದಿದ್ದರೆ ನಾವು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಅವರು ಲೋಟವನ್ನು ತುಂಬಿದ ಹಾಗೆಯೇ ಬಿಡುತ್ತಾರೆ. ಖಾಲಿ ಮಾಡಿದರೆ ಇನ್ನೂ ಬೇಕು ಎಂದೇ ಅರ್ಥ. ಬಡಿಸಿದ್ದನ್ನು ಬಿಡಬಾರದು ಎಂದು ಬೆಳೆದ ನಾನು ಮೊದಲ ಸಂಜೆ ಬಾರ್ಲಿ ಚಹಾವನ್ನು ಖಾಲಿ ಮಾಡುತ್ತಲೇ ಹೋಗಿ, ಐದು ಲೋಟ ಕುಡಿದು, ಟಾರ್ನೀಟ್ ರೈಲಿನಲ್ಲಿ ಪಟ್ಟ ಪಾಡು ನನಗೇ ಗೊತ್ತು. ಅದನ್ನು ಗುಂಪಿಗೆ ಹೇಳಲಿಲ್ಲ.

ಎರಡನೆಯ ಬಾರು ಹೇಗೋ ದಾಟಿತು. ಅಲ್ಲಿ ಕೆಂಡದ ಮೇಲೆ ಸುಟ್ಟ ಕೋಳಿ. ರುಚಿಯ ಮಾತೆತ್ತದೆ ಕೆಂಡದ ವಿಷಯ ಹೇಳಿದೆ, ಕಡ್ಡಿ ಚುಚ್ಚುವ ಕ್ರಮ ಹೇಳಿದೆ. ಮೂರನೆಯದು ಫುಮಿಕೊ-ಸಾನ್ ಎಂಬ ಮುದುಕಿಯ ಅಂಗಡಿ. ಹತ್ತೇ ಕುರ್ಚಿ, ಅಡ್ಡಹಲಗೆಯ ಆಚೆ ಆಕೆ, ಮುಂದೆ ಹಬೆಯಾಡುವ ಅಗಲ ಪಾತ್ರೆ. ಅದರಲ್ಲಿ ಓದೆನ್. ದಪ್ಪ ಬಿಲ್ಲೆಗಳಾಗಿ ಹೆಚ್ಚಿದ ಮೂಲಂಗಿಯನ್ನು ಗಂಟೆಗಟ್ಟಲೆ ದಾಶಿಯಲ್ಲಿ ಬೇಯಿಸುತ್ತಾರೆ. ದಾಶಿ ಎಂದರೆ ಒಣಮೀನು ಮತ್ತು ಸಮುದ್ರದ ಸೊಪ್ಪು ಹಾಕಿ ತೆಗೆದ ತಿಳಿ ರಸ. ಹೊರಗೆ ಬಿಸಿಲು ಸುಡುತ್ತಿರುವಾಗ ಚಳಿಗಾಲದ ಅಡುಗೆ ಯಾಕೆ ಎಂದು ಬೆವ್ ಕೇಳಿದರು. ನಾನು ಜಪಾನಿಯಲ್ಲಿ ಕೇಳಿ ಉತ್ತರ ತಂದೆ: "ಈಗ ನಮ್ಮೂರಲ್ಲಿ ಚಳಿಗಾಲ. ನಾನಿಲ್ಲಿಗೆ ಬಂದು ನಲವತ್ತು ವರ್ಷ ಆಯಿತು, ಹೊಟ್ಟೆ ಇನ್ನೂ ಬಂದಿಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಫುಮಿಕೊ-ಸಾನ್ ಒಂದು ಬಟ್ಟಲನ್ನು ನನ್ನ ಮುಂದೆಯೂ ಇಟ್ಟಿದ್ದರು. ಹೋದ ಸಲ ಈ ಅಂಗಡಿಗೆ ರಜೆ ಇದ್ದದ್ದರಿಂದ ಆಕೆಗೆ ನನ್ನ ಪಥ್ಯ ಗೊತ್ತಿರಲಿಲ್ಲ. ಬಟ್ಟಲಲ್ಲಿ ಮೂಲಂಗಿ ಬಿಟ್ಟರೆ ಬೇರೇನೂ ಇಲ್ಲ. ಅಮ್ಮ ಹುಳಿಗೆ ಹೆಚ್ಚುವ ಮೂಲಂಗಿಯೇ, ಬರೀ ದಪ್ಪ ಜಾಸ್ತಿ. ಬೆವ್ ನನ್ನ ಕಡೆ ತಿರುಗಿ, "ಹೇಗಿರುತ್ತೆ ರುಚಿ, ಹೇಳಿ" ಎಂದರು. ಡೇವ್ ಕೈಕಟ್ಟಿ ನಿಂತಿದ್ದ. ತಿಂದುಬಿಟ್ಟರೆ ಕೆಲಸ ನನ್ನದು. 'ಬಹಳ ರುಚಿ' ಎಂದು ಸುಳ್ಳು ಹೇಳಿದರೂ ಕೆಲಸ. ಮೂಲಂಗಿ ತರಕಾರಿಯೇ ತಾನೇ ಎಂದು ಒಂದು ಕ್ಷಣ ನನಗೆ ನಾನೇ ವಕಾಲತ್ತು ಹೂಡಿದೆ. ತಿನ್ನುವ ಕಡ್ಡಿಗಳನ್ನು ಕೈಗೆ ಎತ್ತಿಕೊಂಡೂ ಬಿಟ್ಟೆ.

ಆಗ ಫುಮಿಕೊ-ಸಾನ್ ನೋಡುತ್ತಿದ್ದಾರೆ ಎಂದು, ಮರ್ಯಾದೆಗೆ ಒಂದು ಮಾತು ಅನ್ನಲು ಹೋದೆ. ಜಪಾನಿಯಲ್ಲಿ 'ಒಯಿಶಿಸೋ ದೆಸು' ಎಂದರೆ 'ನೋಡಿದರೇ ರುಚಿ ಅನ್ನಿಸುತ್ತದೆ' ಎಂದು. ನಡುವಿನ 'ಶಿ'ಯನ್ನು ಎಳೆದು 'ಒಯಿಶೀ ಸೋ ದೆಸು' ಎಂದರೆ 'ರುಚಿಯಾಗಿದೆಯಂತೆ' ಎಂದು. ಕಲಿಯುವ ಮಕ್ಕಳು ಮೊದಲ ವರ್ಷ ಮಾಡುವ ತಪ್ಪು. ಹನ್ನೊಂದು ವರ್ಷ ಅದರಲ್ಲೇ ಅನ್ನ ತಿಂದ ನಾನು, ಆಕೆ ಬೇಯಿಸಿ, ಆಕೆ ಬಡಿಸಿ, ಆಕೆಯೇ ಎದುರಿಗೆ ನಿಂತಿರುವಾಗ 'ಶೀ' ಎಂದು ಎಳೆದೆ. ವಾರವಿಡೀ ನುಂಗಿಕೊಂಡಿದ್ದ 'ಅಂತೆ' ಆ ದಾರಿಯಲ್ಲಿ ಹೊರಬಿತ್ತು.

ಮುದುಕಿ ಸೌಟು ಕೆಳಗಿಟ್ಟರು. "ದಾರೆ ಗಾ?" ಎಂದರು. ಯಾರಂತೆ ಹಾಗೆ ಹೇಳಿದ್ದು?

ಕಿವಿ ಬಿಸಿಯಾಯಿತು. ಮೀನು ತಿನ್ನುವುದಿಲ್ಲ, ರಸದಲ್ಲಿ ಮೀನಿದೆ, ಕ್ಷಮಿಸಿ ಎಂದೆ. ಆಕೆ ನನ್ನನ್ನೊಮ್ಮೆ ಬಟ್ಟಲನ್ನೊಮ್ಮೆ ನೋಡಿ, ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಭುಜ ಕುಣಿಯುವ ಹಾಗೆ ನಕ್ಕರು. "ಏನಂದ್ರು, ಏನಂದ್ರು?" ಎಂದು ಬೆವ್ ಪೀಡಿಸಿದರು. ನಾನು ದುಭಾಷಿ. ಕೇಳಿದ್ದನ್ನು ಬಿಡದೆ ಹೇಳುವುದೊಂದೇ ನನಗೆ ಬರುವ ವಿದ್ಯೆ. ನಡೆದದ್ದೆಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಮೀನು, ನನ್ನ ಎಳೆದ ಅಕ್ಷರ, ನನ್ನ ಭಾಷೆಯ ಬಾಲ, ಯಾವುದನ್ನೂ ಮುಚ್ಚಿಡಲಿಲ್ಲ. ಕೆಲಸ ಹೋಯಿತು ಎಂದು ಖಾತ್ರಿಯಾದ್ದರಿಂದ ಮಾತು ಸಲೀಸಾಗಿ ಬಂತು.

ಬೆವ್ ನನ್ನ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು. "ನೀವು ಕೇಳಿ ಕಣ್ರೀ, ನಾನು ಹೇಳ್ತೀನಿ" ಎಂದು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅವರ ಅಜ್ಜಿ ಕುರಿಮಾಂಸದ ಸಾರಿಗೆ ಹಾಕುತ್ತಿದ್ದ ಗೆಡ್ಡೆಯ ನೆನಪಾಯಿತಂತೆ. ಪಕ್ಕದವನಿಗೆ ಸಮುದ್ರದ ದಂಡೆಯ ಗಾಳಿಯ ಹಾಗೆ ಅನ್ನಿಸಿತಂತೆ. ಒಬ್ಬೊಬ್ಬರೂ ಹೇಳಿದರು, ನಾನು ಒಂದೊಂದನ್ನೂ ಜಪಾನಿಗೆ ತಿರುಗಿಸಿ ಫುಮಿಕೊ-ಸಾನ್‌ಗೆ ಒಪ್ಪಿಸಿದೆ, ಪ್ರತಿ ವಾಕ್ಯಕ್ಕೂ 'ಅಂತೆ' ಹಚ್ಚಿ. ಆಕೆ ಪ್ರತಿ ಸಲವೂ "ಹೌದಾ?" ಎಂದು ಕತ್ತು ಚಾಚಿ ಕೇಳಿದರು. ನಲವತ್ತು ವರ್ಷದಲ್ಲಿ ಗಿರಾಕಿಗಳು ಇಷ್ಟುದ್ದ ಹೇಳಿದ್ದನ್ನು ತಾನು ಕೇಳಿಯೇ ಇಲ್ಲ ಎಂದರು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ಗಲ್ಲಿಗೆ ಬಂದಾಗ ಇನ್ನೂ ಬೆಳಕಿತ್ತು. ಡೇವ್, "ಬುಧವಾರಗಳು ನಿಮ್ಮವು" ಎಂದ. ಆಮೇಲೆ ಸೇರಿಸಿದ, "ಆದರೆ ಆ ಮೂಲಂಗಿಯ ವಿಷಯದಲ್ಲಿ ಇನ್ಮೇಲೆ ಅಪ್ಯಾರೆಂಟ್ಲಿ ಬೇಡ. ಹೇಗಾದರೂ ಮಾಡಿ ತಿಳಿದುಕೊಳ್ಳಿ." ರೈಲಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಅತ್ತೆ. ಸಂತೋಷಕ್ಕೇ.

ತಿಳಿದುಕೊಂಡೆ. ಮರುದಿನ ಮಧ್ಯಾಹ್ನ ಅಂಗಡಿ ತೆರೆಯುವ ಮುಂಚೆ ಫುಮಿಕೊ-ಸಾನ್ ಕರೆದಿದ್ದರು. ಬೇರೆ ಪಾತ್ರೆಯಲ್ಲಿ ಸಮುದ್ರದ ಸೊಪ್ಪಿನ ರಸವನ್ನಷ್ಟೇ ಹಾಕಿ ಒಂದು ಬಿಲ್ಲೆ ಬೇಯಿಸಿದ್ದರು. ಅವರ ಕಡೆ ಸನ್ಯಾಸಿಗಳು ತಿನ್ನುವುದು ಹೀಗೆಯೇ. ಹುಳಿಯಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ. ಕೈಯಲ್ಲೇ ಮುರಿದು ತಿಂದೆ, ಮೊದಲ ತುತ್ತಿಗೆ ಏನೋ ಮರೆತಿದ್ದಾರೆ ಅನ್ನಿಸಿತು. ಮೂರನೆಯ ತುತ್ತಿಗೆ ಮೂಲಂಗಿಗೇ ಒಂದು ಸಿಹಿ ಇದೆ, ಇಷ್ಟು ವರ್ಷ ಅದನ್ನು ಸಾಂಬಾರಿನಲ್ಲಿ ಮುಳುಗಿಸಿಟ್ಟಿದ್ದೆವು ಎಂದು ಗೊತ್ತಾಯಿತು. "ಒಯಿಶೀ ದೆಸು" ಎಂದೆ. ರುಚಿಯಾಗಿದೆ. ಆಕೆ ಈ ಸಲ ಯಾರಂತೆ ಎಂದು ಕೇಳಲಿಲ್ಲ.

ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ, ಅಲ್ಲಿ ಇನ್ನೂ ಬೆಳಿಗ್ಗೆ. ಅಣ್ಣನ ಮನೆಯಲ್ಲಿ ಎಲ್ಲರೂ ಸುತ್ತ ಕೂತಿದ್ದ ಗದ್ದಲ ಕೇಳುತ್ತಿತ್ತು. "ಅವರೆಕಾಯಿ ಬಂತು ಕಣೇ. ಏನ್ ಸೊಗಡು ಅಂತೀಯಾ! ನಿಮ್ಮತ್ತಿಗೇನೂ ನಾನೂ ಕೂತು ಹಿತುಕ್ತಾ ಇದೀವಿ. ಚಳಿಗೆ ಕೈ ಸೆಟೆದು ಹೋಗಿದೆ, ಆಮೇಲೆ ಮಾಡು" ಎಂದು ಇಟ್ಟುಬಿಟ್ಟಳು. ಹತ್ತು ವರ್ಷದ ಮಗಳು ಅನಘಾ ಪುಸ್ತಕದಿಂದ ತಲೆ ಎತ್ತದೆ, "ವಾಟ್ ಡಿಡ್ ಅಜ್ಜಿ ಸೇ?" ಎಂದಳು.

"ಮೈಸೂರಲ್ಲಿ ತುಂಬ ಚಳಿಯಂತೆ" ಎಂದೆ. "ಅವರೆಕಾಯಿ ಬಂದಿದೆಯಂತೆ. ಸೊಗಡು ಚೆನ್ನಾಗಿದೆಯಂತೆ."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಲವತ್ತು ವರ್ಷ ಆ ಸೊಗಡು ಉಗುರಿನ ಸಂದಿಯಿಂದ ಎರಡು ದಿನ ಹೋಗುತ್ತಿರಲಿಲ್ಲ. ಬೆರಳುಗಳನ್ನು ಮೂಗಿನ ಹತ್ತಿರ ತಂದು ನೋಡಿದೆ. ಸಮುದ್ರದ ಸೊಪ್ಪಿನ ವಾಸನೆ ಇತ್ತು.