ಅವ್ವ ಸಮುದ್ರಕ್ಕೆ ಬಿಟ್ಟ ಬಿಲ್ಲೆ

ದೆವ್ವ, ಶಕುನ, ಸತ್ತವರ ಸುಳಿವು ಇಂಥ ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗ ಬಂದಿದೆಯೆಂದೂ ಹೇಳಲಾರೆ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ತಯಾರಾಗಿ ಬಂದ ಬಿಡಿಭಾಗವನ್ನು ಕೈಯಲ್ಲಿ ಹಿಡಿದು, ಅಳೆದು, ಸರಿಯಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ ಎನ್ನುವುದು ನನ್ನ ಅನ್ನದ ದಾರಿ. ಕ್ಯಾಂಟೀನಿನಲ್ಲಿ ಯಾರಾದರೂ ದೆವ್ವದ ಕಥೆ ಶುರುಮಾಡಿದರೆ, "ಅದರ ಅಳತೆ ಎಷ್ಟಿತ್ತು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಒಂದು ಕಥೆ ಹೇಳಲು ಕೂತಿದ್ದೇನೆ. ನಗುವವರು ನಗಬಹುದು, ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದ ಮಾತು. ನಾನು, ನನ್ನ ಹೆಂಡತಿ ಸುಮಂಗಲ, ನನ್ನ ಅವ್ವ ಮೂವರೂ ದಾಸರಹಳ್ಳಿಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ನಮ್ಮದು ದಾವಣಗೆರೆ ಕಡೆ. ಅವ್ವ ಮದುವೆಯಾಗಿ ಬಂದಾಗಿನಿಂದಲೂ ಬಾಡಿಗೆ ಮನೆಗಳಲ್ಲೇ ಇದ್ದವಳು. ಗೋಡೆಗೆ ಮೊಳೆ ಹೊಡೆಯಬೇಕಾದರೂ ಯಾರನ್ನೋ ಕೇಳಬೇಕು. ಸ್ವಂತದ್ದೊಂದು ಮನೆ, ಅದರ ಹೊಸಿಲಿಗೆ ತನ್ನ ಕೈಯಾರೆ ಅರಿಸಿನ ಹಚ್ಚಬೇಕು ಎನ್ನುವುದು ಅವಳ ಒಂದೇ ಆಸೆ. ಅದಕ್ಕಾಗಿ ಅವಳು ಹೋದಲ್ಲೆಲ್ಲ ಕಲ್ಲು ಪೇರಿಸುತ್ತಿದ್ದಳು.

ಬೆಟ್ಟದ ಮೇಲಿನ ದೇವಸ್ಥಾನಗಳಿಗೆ ಹೋದವರು ಇದನ್ನು ನೋಡಿರುತ್ತೀರಿ. ಮನೆ ಬೇಕೆಂದು ಬೇಡಿಕೊಂಡವರು ದಾರಿಬದಿಯಲ್ಲಿ ಒಂದರ ಮೇಲೊಂದು ಸಣ್ಣ ಕಲ್ಲುಗಳನ್ನಿಟ್ಟು ಪುಟ್ಟ ಮನೆ ಕಟ್ಟಿ ಬರುತ್ತಾರೆ. ಎಲ್ಲರೂ ಕಲ್ಲನ್ನು ಮಲಗಿಸಿ ಪೇರಿಸಿದರೆ ಅವ್ವ ಮಾತ್ರ ತುದಿಯ ಕಲ್ಲನ್ನು ನೆಟ್ಟಗೆ ನಿಲ್ಲಿಸುತ್ತಿದ್ದಳು. ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಬಸ್ಸಿನವನು ಹಾರನ್ ಹೊಡೆದರೂ ಸರಿಯೇ.

ನನಗೆ ಇದು ಹಿಡಿಸುತ್ತಿರಲಿಲ್ಲ. ಹೋದ ಜಾಗದಲ್ಲಿ ಗುರುತು ಬಿಟ್ಟು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಳೆಯ ಕಂಬದ ಮೇಲೆ ಹೆಸರು ಕೆತ್ತುವವರು, ಬಂಡೆಗೆ ಬಣ್ಣ ಬಳಿದು ಊರಿನ ಹೆಸರು ಬರೆಯುವವರು, ಬಾಣ ಚುಚ್ಚಿದ ಹೃದಯ ಗೀಚುವ ಪ್ರೇಮಿಗಳು, ಎಲ್ಲರ ಜೊತೆಗೂ ನಾನು ಜಗಳವಾಡಿದ್ದೇನೆ. ಅವ್ವನಿಗೂ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. "ಗುರ್ತು ಇಡೋದು ಬ್ಯಾರೆ, ಗಲೀಜು ಮಾಡೋದು ಬ್ಯಾರೆ ನೋಡಪ್ಪ. ನೀನೂ ದಿನಾ ಗುರ್ತು ಹೊಡಿಯಾಕೇ ಹೋಗ್ತಿಯಲ್ಲ?"

ಅದು ನಿಜ. ನಮ್ಮಲ್ಲಿ ಪ್ರತಿ ಇನ್‌ಸ್ಪೆಕ್ಟರಿಗೂ ಒಂದು ಪಂಚ್ ಇರುತ್ತಿತ್ತು, ತುದಿಯಲ್ಲಿ ಅವರವರ ಗುರುತು ಇರುವ ಉಕ್ಕಿನ ಸಣ್ಣ ಕಡ್ಡಿ. ನನ್ನದು ತ್ರಿಕೋನ, ಅದರ ಒಂದು ಮೂಲೆ ಮುಕ್ಕಾಗಿತ್ತು. ನೋಡಿದ ಮಾಲಿನ ಮೇಲೆ ಅದನ್ನಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಮಾಲು ತಿರಸ್ಕೃತವಾದರೆ ಪಕ್ಕದಲ್ಲಿ ಒಂದು ಅಡ್ಡಗೆರೆ. ಹಾಗೆ ನಾನು ತಿರಸ್ಕರಿಸಿದ ಒಂದು ಉಕ್ಕಿನ ಬಿಲ್ಲೆ, ಅಂಗೈ ಅಗಲದ್ದು, ನಡುವೆ ತೂತಿರುವಂಥದ್ದು, ನಮ್ಮ ಮನೆ ಸೇರಿತ್ತು. ಅದರ ತೂತು ಕೂದಲೆಳೆಯಷ್ಟು ಹೆಚ್ಚು ಕೊರೆದುಹೋಗಿತ್ತು. ಗುರುತು ಹೊಡೆಯುವಾಗ ಕೈ ಜಾರಿ ಎರಡು ತ್ರಿಕೋನ ಒಂದರ ಮೇಲೊಂದು ಬಿದ್ದಿದ್ದವು. ಮೇಲಿನವರ ಅನುಮತಿ ಕೇಳಿ ಅದನ್ನು ತಂದಿದ್ದೆ. ಅವ್ವ ಅದನ್ನು ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಬೆಕ್ಕಿನ ಕಾಟಕ್ಕೆಂದು ಇಡುತ್ತಿದ್ದಳು. "ನೀನು ಬ್ಯಾಡ ಅಂದಿದ್ದು ನನಗೆ ಬೇಕಾತು ನೋಡು" ಎನ್ನುತ್ತಿದ್ದಳು. ಬೆಳಿಗ್ಗೆ ಮುಚ್ಚಳದಿಂದ ಬಿಲ್ಲೆ ಎತ್ತಿ ಕಟ್ಟೆಯ ಮೇಲಿಡುವ 'ಠಣ್' ಎಂಬ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಅವ್ವ ಎದ್ದಳು, ಇನ್ನೇನು ಕಾಫಿ ಬರುತ್ತದೆ ಎಂದು ಮಗ್ಗುಲು ಬದಲಿಸುತ್ತಿದ್ದೆ.

ಆ ವರ್ಷ ರಜೆಗೆ ಅಂಡಮಾನಿಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಮದರಾಸಿನಿಂದ ಹಡಗು. ಅವ್ವ ಸಮುದ್ರವನ್ನೇ ನೋಡಿದವಳಲ್ಲ. ಅದೇ ಹೊತ್ತಿಗೆ ನಮ್ಮ ಕಾರ್ಖಾನೆಯ ನೌಕರರ ಸೊಸೈಟಿಯವರು ಪೀಣ್ಯದಿಂದಾಚೆ ರಾಗಿ ಹೊಲಗಳ ನಡುವೆ ಬಡಾವಣೆ ಮಾಡಲು ಹೊರಟಿದ್ದ ಜಾಗಕ್ಕೆ ಸದಸ್ಯರನ್ನೆಲ್ಲ ಕರೆದುಕೊಂಡು ಹೋಗಿದ್ದರು. ಸೈಟುಗಳನ್ನು ಇನ್ನೂ ವಿಂಗಡಿಸಿರಲಿಲ್ಲ. ತಕರಾರೊಂದು ಕೋರ್ಟಿನಲ್ಲಿತ್ತು. ಅವ್ವ ಅಲ್ಲಿದ್ದ ಒಂದು ಹೊಂಗೆ ಮರದ ಕೆಳಗೆ ಕೂತು ನಾಲ್ಕು ಕಲ್ಲು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಹಡಗು ಹೊರಟು ದಡ ಮರೆಯಾದ ಮೇಲೆ ಅವಳ ಚೀಲದಿಂದ ಆ ಕಲ್ಲುಗಳೂ ಹಾಲಿನ ಬಿಲ್ಲೆಯೂ ಹೊರಬಂದಾಗ ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

"ಹಡಗಿನಾಗ ಕಲ್ಲು ಎಲ್ಲಿ ಸಿಗ್ತಾವೆ?" ಎಂದಳು. "ಅದಕ್ಕೇ ತಂದೆ. ಬಿಲ್ಲೆ ಅಡಿಗೆ ಇದ್ರೆ ಅಲುಗಾಡಂಗಿಲ್ಲ."

ಹಡಗಿನಲ್ಲಿ ಮೂರು ಭಾಷೆಗಳಲ್ಲಿ ನಿಯಮ ಹೇಳುತ್ತಿದ್ದರು. ಕಂಬಿಯ ಮೇಲೆ ಕೂರಬೇಡಿ, ಡೆಕ್ಕಿನಲ್ಲಿ ಬಟ್ಟೆ ಒಣಗಿಸಬೇಡಿ, ಎಲೆ ಅಡಿಕೆ ಉಗುಳಬೇಡಿ, ಸಮುದ್ರಕ್ಕೆ ಏನನ್ನೂ ಎಸೆಯಬೇಡಿ. ಹೇಳುವವರು ಹೇಳುತ್ತಲೇ ಇದ್ದರು, ಮಾಡುವವರು ಮಾಡುತ್ತಲೇ ಇದ್ದರು. ನಾವು ಮಲಗುವ ಹಲಗೆಯ ಪಕ್ಕದಲ್ಲೇ ಯಾರು ಯಾರದೋ ಹೆಸರುಗಳು, ತಾರೀಕುಗಳು. ಊಟದ ಸಾಲಿನಲ್ಲಿ ನೂಕಾಟ. ಇದೆಲ್ಲದರ ನಡುವೆ ಅವ್ವ ಯಾರದೋ ಮನೆಗೆ ನೆಂಟಳಾಗಿ ಬಂದಂತೆ ಇದ್ದಳು. ಮಲಗುವ ಕೋಣೆಯ ಹೊರಗೇ ಚಪ್ಪಲಿ ಬಿಡುತ್ತಿದ್ದಳು. ಮುಖ ತೊಳೆದ ಮೇಲೆ ಬೇಸಿನ್ನನ್ನು ಒರೆಸಿ ಬರುತ್ತಿದ್ದಳು. ಅನ್ನ ಬಡಿಸುವ ಹುಡುಗನನ್ನು, "ನೀನು ಉಂಡ್ಯೇನಪ್ಪ?" ಎಂದು ಕೇಳುತ್ತಿದ್ದಳು. ಅವನಿಗೆ ಕನ್ನಡ ಬಾರದಿದ್ದರೂ ಪ್ರಶ್ನೆ ತಿಳಿಯುತ್ತಿತ್ತು, ಅವಳ ತಟ್ಟೆಗೆ ಒಂದು ಹಪ್ಪಳ ಹೆಚ್ಚಿಗೆ ಬೀಳುತ್ತಿತ್ತು.

ಎರಡನೆಯ ದಿನ ಸಂಜೆ ಅವಳು ಡೆಕ್ಕಿನ ಬೆಂಚಿನ ಪಕ್ಕ ಕೂತು ಮನೆ ಕಟ್ಟಲು ಶುರುಮಾಡಿದಳು. ಬಿಲ್ಲೆ ನಿಂತಿತು. ಮೇಲಿನ ಕಲ್ಲುಗಳು ಹಡಗು ವಾಲಿದಂತೆಲ್ಲ ಉರುಳಿದವು. ಮತ್ತೆ ಇಟ್ಟಳು, ಮತ್ತೆ ಉರುಳಿದವು. ಸುತ್ತ ಜನ ಸೇರಿದರು. ವಾಂತಿಯಿಂದ ಸೋತು ಕೂತಿದ್ದ ತಮಿಳು ಹೆಂಗಸೊಬ್ಬಳು ಎದ್ದು ಬಂದು ಉರುಳಿದ ಕಲ್ಲನ್ನು ಹಿಡಿದು ಹಿಡಿದು ಕೊಟ್ಟಳು. ಕೊನೆಗೆ ಬಿಳಿ ಉಡುಪಿನ ಅಧಿಕಾರಿಯೊಬ್ಬರು ಬಂದರು. ಬೈಯಲಿಲ್ಲ. ಡೆಕ್ಕಿನಲ್ಲಿ ಹೀಗೆ ಇಡುವಂತಿಲ್ಲ, ಯಾರಾದರೂ ಎಡವಿ ಬೀಳುತ್ತಾರೆ ಎಂದು ಹಿಂದಿಯಲ್ಲಿ ಹೇಳಿದರು. ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ಹೌದಲ್ಲ, ಪಾಪ, ಯಾರಾದ್ರೂ ಬಿದ್ರೆ ಏನು ಗತಿ?" ಎಂದು ಅವ್ವ ಕೂಡಲೇ ಎಲ್ಲವನ್ನೂ ಸೆರಗಿಗೆ ತುಂಬಿಕೊಂಡಳು. ಆಮೇಲೆ ಮೆಲ್ಲಗೆ, "ನೀರಿಗೆ ಬಿಡ್ಲೇನು ಕೇಳು" ಎಂದಳು. ಅಧಿಕಾರಿ ಅದೂ ನಿಯಮಕ್ಕೆ ವಿರುದ್ಧ ಎಂದರು. ಅವಳ ಮುಖ ನೋಡಿದರು. ಬಳಿಕ ನಮಗೆ ಬೆನ್ನು ಮಾಡಿ, ದೂರದಲ್ಲಿ ಏನೋ ಕಾಣಿಸಿದವರಂತೆ ನಿಂತುಬಿಟ್ಟರು.

ಅವ್ವ ಕಂಬಿಯ ಹತ್ತಿರ ಹೋಗಿ ನಾಲ್ಕು ಕಲ್ಲುಗಳನ್ನೂ ಒಂದೊಂದಾಗಿ ಬಿಟ್ಟಳು. ಬಿಲ್ಲೆಯನ್ನು ಕೊನೆಗೆ, ಒಮ್ಮೆ ಸೆರಗಿನಿಂದ ಒರೆಸಿ ಬಿಟ್ಟಳು. "ಹೋಗಿ ಬರ್ರಿ" ಎಂದಳು, ಬಾಗಿಲವರೆಗೆ ಬಂದು ನೆಂಟರನ್ನು ಕಳಿಸುವ ದನಿಯಲ್ಲಿ. ನಾನು ಅವಳ ಮಗ್ಗುಲಲ್ಲೇ ನಿಂತಿದ್ದೆ. ಬಿಲ್ಲೆ ನೀರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸುಮಂಗಲಳೂ ಕಂಡಿದ್ದಾಳೆ. ಇದನ್ನು ಒತ್ತಿ ಹೇಳಲು ಕಾರಣವಿದೆ.

ಮರುವರ್ಷದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು, ಅದೇ ವಠಾರದ ಮನೆಯಲ್ಲಿ, ನಿದ್ದೆಯಲ್ಲೇ. ಅದಾಗಿ ಕೆಲವು ತಿಂಗಳಿಗೆ ಕೋರ್ಟಿನ ತಕರಾರು ಬಗೆಹರಿದು ಸೈಟುಗಳ ಹಂಚಿಕೆಯಾಯಿತು. ಚೀಟಿ ಎತ್ತಿದಾಗ ನಮಗೆ ಬಂದದ್ದು ಹೊಂಗೆ ಮರದ ಪಕ್ಕದ್ದೇ. ಅದನ್ನು ನಾನು ವಿಶೇಷವೆಂದು ಎಣಿಸಲಿಲ್ಲ. ಯಾರಿಗಾದರೂ ಅದು ಬರಲೇಬೇಕಿತ್ತಲ್ಲ! ಆದರೆ ಸೈಟು ಕೈಗೆ ಬಂದ ಮೇಲೆ ನನಗೆ ಮನೆ ಕಟ್ಟುವ ಮನಸ್ಸೇ ಹೊರಟುಹೋಯಿತು. ಹೊಸಿಲಿಗೆ ಅರಿಸಿನ ಹಚ್ಚಬೇಕಾದವಳೇ ಇಲ್ಲ, ಇನ್ನು ಹೊಸಿಲು ಯಾರಿಗೆ? ಸುಮಂಗಲ ಒಂದೆರಡು ಸಲ ಹೇಳಿ ನೋಡಿದಳು. ಅವಳಿಗೂ ಮನೆ ಬೇಕಿತ್ತು. ಆದರೆ ಅವಳು ಆ ಮಾತೆತ್ತಿದರೆ ನಾನು ಊಟ ಬಿಟ್ಟು ಏಳುತ್ತಿದ್ದೆ. ಕೊನೆಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ನಾಗರಾಜನಿಗೆ ಅದನ್ನು ಬಿಟ್ಟುಕೊಡುವುದೆಂದು ತೀರ್ಮಾನಿಸಿದೆ.

ಒಂದು ಭಾನುವಾರ ಇಳಿಹೊತ್ತಿನಲ್ಲಿ ಅವನಿಗೆ ಜಾಗ ತೋರಿಸಲು ಹೋದೆವು. ಸುಮಂಗಲಳೂ ಬಂದಿದ್ದಳು, ಕಡೆಯದಾಗಿ ಒಮ್ಮೆ ನೋಡುತ್ತೇನೆಂದು. ನೆಟ್ಟ ಗಡಿಕಲ್ಲುಗಳ ಸುತ್ತ ಇನ್ನೂ ರಾಗಿ ಪೈರಿತ್ತು. ಪಕ್ಕದ ಹೊಲದ ಗಂಗಪ್ಪ ಎಮ್ಮೆ ಹೊಡೆದುಕೊಂಡು ಮನೆಗೆ ಹೊರಟಿದ್ದ. ನಾಗರಾಜ ಹೆಜ್ಜೆ ಹಾಕಿ ಅಗಲ ನೋಡುತ್ತಿದ್ದ. ನಾನು ಸುಮ್ಮನೆ ಈಶಾನ್ಯದ ಮೂಲೆಯತ್ತ ನಡೆದೆ.

ಅಲ್ಲಿ ಕಲ್ಲು ಪೇರಿಸಿದ್ದರು. ನಾಲ್ಕು ಕಲ್ಲು. ತುದಿಯದು ನೆಟ್ಟಗೆ ನಿಂತಿತ್ತು. ಅಡಿಯಲ್ಲಿ ಒಂದು ಉಕ್ಕಿನ ಬಿಲ್ಲೆ.

ಪೀಣ್ಯದ ಸುತ್ತಮುತ್ತ ಬಿಲ್ಲೆಗಳಿಗೇನು ಬರ? ಗುಜರಿಯವರ ಗಾಡಿಗಳಿಂದ ದಿನಾ ಉದುರುತ್ತವೆ. ಮೊದಲು ಹಾಗೇ ಅಂದುಕೊಂಡೆ. ಅಭ್ಯಾಸಬಲದಿಂದ ಕೂತು ಅದರ ಅಂಚನ್ನು ಬೆರಳಿನಿಂದ ಉಜ್ಜಿದೆ. ಒಂದರ ಮೇಲೊಂದು ಬಿದ್ದ ಎರಡು ತ್ರಿಕೋನ, ಎರಡಕ್ಕೂ ಮೂಲೆ ಮುಕ್ಕು. ಪಕ್ಕದಲ್ಲಿ ಅಡ್ಡಗೆರೆ. ಹೆದರಿಕೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಭುಜವನ್ನು ಹಿಂದಿನಿಂದ ಯಾರೋ ಹಿಡಿದುಕೊಂಡರೆ ಹೇಗಿರುತ್ತದೋ ಹಾಗಾಯಿತು. ಕಣ್ಣು ತುಂಬಿ ಬಂತು.

ಸುಮಂಗಲ ಬಂದು ಪಕ್ಕದಲ್ಲಿ ಕೂತಳು. ಅವಳು ಗುರುತನ್ನೇನೂ ನೋಡಲಿಲ್ಲ. ವರ್ಷಗಟ್ಟಲೆ ಹಾಲಿನ ಪಾತ್ರೆಯ ಮೇಲೆ ಕಂಡದ್ದನ್ನು ಗುರುತು ಹಿಡಿಯಲು ಅವಳಿಗೆ ಪಂಚ್ ಬೇಕಿರಲಿಲ್ಲ. ಬಿಲ್ಲೆಯ ಮೇಲೆ ತುಕ್ಕಿನ ನಡುವೆ ಸುಣ್ಣದಂಥ ಬಿಳಿ ಚುಕ್ಕೆಗಳಿದ್ದವು. ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, "ಉಪ್ಪು ಕಣ್ರೀ" ಎಂದಳು. ನಾನೂ ಹಾಗೇ ನೋಡಿದೆ. ಉಪ್ಪೇ. ನನ್ನ ಬೆವರಿನದೂ ಇರಬಹುದು, ಕಣ್ಣೀರಿನದೂ ಇರಬಹುದು.

ಗಂಗಪ್ಪನನ್ನು ಕೂಗಿ ಕೇಳಿದೆ. ಅವನು ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಮದ್ಯಾನ್ನದ ಗಂಟ ಎಮ್ಮೆ ಇಲ್ಲೇ ಕಟ್ಟಿದ್ದೆ ಸಾ. ಇಂಗೇನೂ ಇರ್ನಿಲ್ಲ. ಇದ್ದಿದ್ರೆ ಅದು ತುಳ್ದಾಕ್ಬುಡ್ತಿತ್ತು."

ನಾಗರಾಜ ದೂರದಿಂದ ನಮ್ಮನ್ನು ನೋಡಿ ಹತ್ತಿರ ಬಂದ. ಗಂಡ ಹೆಂಡತಿ ಇಬ್ಬರೂ ನೆಲದಲ್ಲಿ ಕೂತು ಅಳುತ್ತಿದ್ದೇವೆ. "ಏನಾಯ್ತು ಗುರು?" ಎಂದ. ನಾನು ಹೇಳಿದೆ, ತೊದಲುತ್ತ, ಹಿಂದುಮುಂದಾಗಿ. ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ. "ನಂಗೆ ಬೇರೆ ಕಡೆ ಸಿಗತ್ತೆ ಬಿಡು. ಇದನ್ನ ನೀನೇ ಕಟ್ಟು" ಎಂದು ನನ್ನ ಕೈ ಹಿಡಿದು ಎಬ್ಬಿಸಿದ.

ಆಮೇಲೆ ನನಗೆ ಹೊಳೆದ ಎಲ್ಲ ವಿವರಣೆಗಳನ್ನೂ ಹಾಕಿ ನೋಡಿದ್ದೇನೆ. ಕೈ ಜಾರಿ ಇನ್ನೊಂದು ಬಿಲ್ಲೆಗೂ ಎರಡು ಸಲ ಹೊಡೆದಿದ್ದೆನೇ? ಇರಬಹುದು. ಅದು ಗುಜರಿಗೆ ಹೋಗಿ, ಗಾಡಿಯಿಂದ ಬಿದ್ದು, ಮನೆ ಆಸೆಯ ಯಾರೋ ಒಬ್ಬರ ಕೈಗೆ ಸಿಕ್ಕಿ, ಅವರು ನನ್ನ ಸೈಟಿನಲ್ಲೇ ಬಂದು ಕಲ್ಲು ಪೇರಿಸಿದರೇ? ತುದಿಯದನ್ನು ಅವ್ವನ ಹಾಗೆಯೇ ನಿಲ್ಲಿಸಿದರೇ? ಆಗಬಾರದೆಂದೇನೂ ಇಲ್ಲ. ಮರುದಿನ ಬಿಲ್ಲೆಯನ್ನು ಕಾರ್ಖಾನೆಗೆ ಒಯ್ದು ಅಳೆದೆ. ತೂತು ಕೂದಲೆಳೆಯಷ್ಟು ಹೆಚ್ಚು, ಅದೇ ತಪ್ಪು. ನೋಡಿದ ಮಾಲಿಗೆ ಸರಿ ಅಥವಾ ಇಲ್ಲ ಎಂದು ಗುರುತು ಹೊಡೆಯುವುದೇ ನನ್ನ ಕೆಲಸ. ಇದೊಂದಕ್ಕೆ ಎರಡರಲ್ಲಿ ಯಾವುದನ್ನೂ ಹೊಡೆಯಲು ನನಗೆ ಇವತ್ತಿನವರೆಗೂ ಆಗಿಲ್ಲ.

ಮನೆ ಕಟ್ಟಿದೆವು. ಆ ನಾಲ್ಕು ಕಲ್ಲುಗಳು ಹೊಸಿಲಿನ ಅಡಿಯಲ್ಲಿವೆ. ಬಿಲ್ಲೆಯನ್ನೂ ಅಲ್ಲೇ ಇಡೋಣವೆಂದೆ. ಸುಮಂಗಲ ಒಪ್ಪಲಿಲ್ಲ, ಅದನ್ನು ಮತ್ತೆ ಹಾಲಿನ ಪಾತ್ರೆಯ ಮುಚ್ಚಳದ ಮೇಲಿಟ್ಟಳು. ಗೃಹಪ್ರವೇಶದ ದಿನ ಅವಳು ಹೊಸಿಲಿಗೆ ಎರಡು ಸಲ ಅರಿಸಿನ ಹಚ್ಚಿದಳು. ಎರಡನೆಯದು ಅತ್ತೆಯ ಪಾಲಿನದು ಎಂದಳು. ನಾನು ಈಗಲೂ ಹೋದ ಜಾಗದಲ್ಲಿ ಯಾವ ಗುರುತನ್ನೂ ಬಿಟ್ಟು ಬರುವವನಲ್ಲ, ಬಿಡುವವರನ್ನು ಕಂಡರೆ ಸುಮ್ಮನಿರುವವನೂ ಅಲ್ಲ. ಆದರೆ ಬೆಟ್ಟದ ದಾರಿಯಲ್ಲಿ ಪೇರಿಸಿದ ಕಲ್ಲು ಕಂಡರೆ ಸುತ್ತು ಬಳಸಿ ಹೋಗುತ್ತೇನೆ.

ಬೆಳಗಿನ ಜಾವ ಅಡುಗೆಮನೆಯಲ್ಲಿ ಮುಚ್ಚಳದಿಂದ ಬಿಲ್ಲೆ ಎತ್ತಿಟ್ಟ ಸದ್ದಾಗುತ್ತದೆ. ಅವ್ವ ಎದ್ದಳು, ಇನ್ನೇನು ಕಾಫಿ ಬರುತ್ತದೆ ಎಂದು ಮಗ್ಗುಲು ಬದಲಿಸುತ್ತೇನೆ. ಆಮೇಲೆ ಕಣ್ಣು ಬಿಟ್ಟರೆ, ಕೆಲವು ದಿನ ಸುಮಂಗಲ ಪಕ್ಕದಲ್ಲಿ ಇನ್ನೂ ಮಲಗಿರುತ್ತಾಳೆ.