ಹಾರಿದ ಅಕ್ಕಿ

ಇಂಗ್ಲೆಂಡಿನಲ್ಲಿ ನಾನು ನಾಯಕಿಯಾಗಿ ಹಾಡಿ ಕುಣಿದ ಸಂಗೀತ ನಾಟಕ ಎಂಟು ತಿಂಗಳು ನಡೆಯಿತು. ಅದರಲ್ಲಿ ಖಚಿತವಾಗಿ ನೆನಪಿರುವುದು ಮೊಣಕಾಲು ನೋವು ಮತ್ತು ಮೇಕಪ್ ಕೋಣೆಯ ಹೀಟರಿನ ಸುಟ್ಟ ವಾಸನೆ. ಉಳಿದದ್ದನ್ನು ಕೇಳಿದವರಿಗೆಲ್ಲ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನೆನಪಾಗುವುದು ನಾನು ಹೇಳಿದ ಮಾತುಗಳೇ.

ಹಾಗೆ ಹೇಳುತ್ತ ಬಂದ ಒಂದು ಕತೆ: ಗುಂಡ್ಲುಪೇಟೆಯ ಚೆಂಡುಹೂವಿನ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತ ನನ್ನವ್ವ ಒಂದು ಹಾಡು ಹೇಳುತ್ತಿದ್ದಳು, ಬಾಗಿಲಿಗೆ ಬಂದ ಹಕ್ಕಿಯ ಹಾಡು. ತಾಲೀಮಿನ ಎರಡನೇ ವಾರ ನಿರ್ದೇಶಕಿ, ಕೊನೆಯ ದೃಶ್ಯಕ್ಕೆ ನಿಮ್ಮ ಮನೆಯ ಭಾಷೆಯ ಎರಡು ಸಾಲು ಬೇಕು ಎಂದಾಗ ಅದನ್ನೇ ಕೊಟ್ಟೆ.

ಹಕ್ಕಿ ಬಂತು ಬಾಗ್ಲಿಗೆ, ಸದ್ದು ಮಾಡ್ಬ್ಯಾಡ ಮಗ
ಮೆಲ್ಲಗೆ ತಗಿ ಅಗುಳಿಯ, ಸದ್ದು ಮಾಡ್ಬ್ಯಾಡ ಮಗ

ಈ ಎರಡು ಸಾಲಿನ ಮೇಲೆ ಅವರು ಇಡೀ ದೃಶ್ಯ ಕಟ್ಟಿದರು. ನೀಲಿ ಬೆಳಕು. ತಂತಿಯಲ್ಲಿ ಮೇಲಿನಿಂದ ಇಳಿದುಬರುವ ಬಿಳಿ ಬಟ್ಟೆಯ ಹಕ್ಕಿ. ಮೊದಲ ‘ಹ’ವನ್ನು ನಾನು ಬರೀ ಉಸಿರಿನಂತೆ ಬಿಡಬೇಕು. ಉಚ್ಚಾರ ಕಲಿಸುವಾಕೆ ನನ್ನ ಬಾಯಿಯೆದುರು ನನ್ನದೇ ಅಂಗೈ ಹಿಡಿಸಿದಾಗ ನಗು ಬಂತು. ಚಾಮರಾಜನಗರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಮಾಡಿಸಿದ್ದೂ ಇದನ್ನೇ. “ಆಲು ಅಲ್ಲಮ್ಮ, ಹಾಲು. ಆವು ಅಲ್ಲ, ಹಾವು. ಅಂಗೈಗೆ ಗಾಳಿ ತಾಗ್ಬೇಕು.” ಹಾಸ್ಟೆಲಿನ ನಾಲ್ವರು ಹುಡುಗಿಯರು ಅಂಗೈಗೆ ಊದಿಕೊಂಡು ನಿಲ್ಲುತ್ತಿದ್ದೆವು. ನಾಲ್ವರೋ ಮೂವರೋ. ಮೇಷ್ಟ್ರು ಹೊಡೆಯುತ್ತಿದ್ದರೆಂದೂ ಒಮ್ಮೆ ಯಾರಿಗೋ ಹೇಳಿದ್ದೇನೆ. ಹೊಡೆದಿರಲಾರರು.

ಈ ವರ್ಷ ನಾಟಕ ಅಲ್ಲಿ ಮತ್ತೆ ರಂಗಕ್ಕೆ ಬರುತ್ತಿದೆ. ನನ್ನ ಪಾತ್ರಕ್ಕೆ ಬೇರೆ ಹುಡುಗಿ. ಹಾಡುಗಳು ಪುಸ್ತಕವಾಗುತ್ತಿವೆ, ಆ ಎರಡು ಸಾಲಿನ ಮೂಲ ಮತ್ತು ಅರ್ಥ ಬರೆದು ಸಹಿ ಮಾಡಿ ಕಳಿಸಿ ಎಂದು ನಿರ್ದೇಶಕಿ ಕೇಳಿದರು. ‘ನನ್ನ ತಾಯಿಯ ಹಾಡು’ ಎಂದು ಬರೆದೆ. ಹಕ್ಕಿಯ ಅರ್ಥ ಬರೆದೆ. ಸಹಿಯ ಜಾಗಕ್ಕೆ ಬಂದಾಗ ಕೈ ನಿಂತಿತು. ಅವ್ವ ‘ಹ’ ಅಂದದ್ದನ್ನು ನಾನು ಯಾವತ್ತೂ ಕೇಳಿಯೇ ಇಲ್ಲ. ಅವಳು ಹಾಡಿದ್ದು ‘ಅಕ್ಕಿ’. ಹಳ್ಳಿಯ ನಾಲಿಗೆ ನುಂಗಿದ ಅಕ್ಷರವೆಂದುಕೊಂಡು ‘ಹ’ ಅಂಟಿಸಿದವಳು ನಾನು. ಅದು ತಪ್ಪಾಗಿದ್ದರೆ, ಎಂಟು ತಿಂಗಳು ಅವ್ವನ ಹೆಸರಿನಲ್ಲಿ ಹಾಡಿದ್ದು ಯಾರ ಹಾಡು?

ಗುಂಡ್ಲುಪೇಟೆಗೆ ಹೋದೆ. ಅವ್ವ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಅವ್ವ, ಆ ಹಾಡಲ್ಲಿ ಬರೋದು ಅಕ್ಕಿಯೋ ಹಕ್ಕಿಯೋ?”

“ಅಕ್ಕಿ ಕಣಮ್ಮಿ.”

“ಯಾವ ಅಕ್ಕಿ? ತಿನ್ನೋದಾ, ಹಾರೋದಾ?”

“ಎರಡ್ನೂ ತಿಂದಿವ್ನಿ. ಕೌಜ್ಗದ ಬಾಡಿನ ರುಚಿ ಮರ್ತ್ಬುಟ್ಟಾ?”

“ತಮಾಸೆ ಬುಡವ್ವ, ನಾನು ಸಹಿ ಹಾಕ್ಬೇಕು.”

ನನ್ನ ‘ಬುಡು’ ಕೇಳಿ ಅವಳು ನಕ್ಕಳು. “ಇಂಗ್ಲೆಂಡ್‌ಗೆ ಓಗ್ಬಂದ್ರೂ ನಾಲ್ಗೆ ಇಲ್ಲೇ ಅದೆ.” ಆಮೇಲೆ ಕಾಯಿಯ ಮೊರ ಪಕ್ಕಕ್ಕೆ ಸರಿಸಿದಳು. “ಅಲ್ಲ ಕಣಮ್ಮಿ, ಆರೋ ಅಕ್ಕಿ ಬಂದ್ರೆ ಯಾರಾದ್ರೂ ಅಗ್ಳಿ ತಗೀತಾರಾ? ದೊಡ್ಮನೆ ಸೊಸೆ ಇದ್ಲಲ್ಲ, ಅತ್ತೆ ಕಣ್ ತಪ್ಸಿ ಸೆರಗಲ್ಲಿ ಅಕ್ಕಿ ಕಟ್ಕಂಡು ನಮ್ ಇತ್ಲು ಬಾಗ್ಲಿಗೆ ಬರೋಳು. ನಮ್ಗೆ ಮುದ್ದೆ ಬುಟ್ರೆ ಇನ್ನೇನಿತ್ತು? ನೀವು ಅನ್ನ ಅನ್ನ ಅಂತ ಕುಣಿಯೋರು. ಸದ್ದು ಮಾಡುದ್ರೆ ಆ ಎಣ್ಣಿನ ಗತಿ? ಅದ್ಕೇ ನಿಮ್ಮ ಸುಮ್ನಿರ್ಸಕ್ಕೆ ಆಡ್ತಿದ್ದೆ. ಆಮೇಕೆ ವಲದಲ್ಲೂ ಅದೇ ಬಾಯಿಗ್ ಬರೋದು.”

“ನಾನೂ ಕುಣೀತಿದ್ನಾ?”

“ನೀನೇ ಮೊದ್ಲು.”

ನನಗೆ ಒಂದಿಷ್ಟೂ ನೆನಪಿಲ್ಲ. ಹಿತ್ತಿಲ ಬಾಗಿಲೂ ಇಲ್ಲ, ಆ ಹೆಂಗಸಿನ ಮುಖವೂ ಇಲ್ಲ. ಹಾಡು ಕೇಳಿ ನಾನೇ ಕಲ್ಪಿಸಿಕೊಂಡ, ಇರದಿದ್ದ ಹಕ್ಕಿಯ ಕಂದು ರೆಕ್ಕೆ ಮಾತ್ರ ಸ್ಪಷ್ಟವಾಗಿದೆ. ಅವ್ವನ ನೆನಪನ್ನಾದರೂ ಯಾಕೆ ನಂಬಬೇಕು ಎಂದು ಯೋಚಿಸಿದೆ. ಆದರೆ ಹಾಡಿನಲ್ಲೇ ಅಗುಳಿ ಇದೆಯಲ್ಲ. ಅಷ್ಟು ತಿಂಗಳು ಅಗುಳಿ ತೆಗೆ ಎಂದು ಹಾಡಿದವಳು ಒಂದು ಸಲವೂ ಅದು ಯಾರಿಗಾಗಿ ಎಂದು ಕೇಳಿಕೊಂಡಿರಲಿಲ್ಲ.

ಫೋನಿನಲ್ಲಿ ಕೊನೆಯ ದೃಶ್ಯ ತೋರಿಸಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

“ಈ ಅಕ್ಕಿ ಯಾರು ಮಾಡ್ದೋರು? ಚೆಂದಾಗದೆ.”

“ಸುಳ್ಳಾಯ್ತಲ್ಲವ್ವ ಅದು.”

“ನಾಟ್ಕ ತಾನೇ? ಇರ್ಲಿ ಬುಡು. ಆ ಸೊಸೆ ಎಸ್ರು ಮಾತ್ರ ಬರೀಬ್ಯಾಡ.”

“ಅವ್ಳ ಅತ್ತೆ ಸತ್ತು ಎಷ್ಟು ವರ್ಷ ಆಯ್ತು?”

“ಆದ್ರೂವೆ.”

ಅರ್ಥದ ಸಾಲಿನಲ್ಲಿ ಹಕ್ಕಿಯನ್ನು ಹೊಡೆದುಹಾಕಿ ಅಕ್ಕಿ ಎಂದು ಬರೆದೆ. ಹಿತ್ತಿಲು, ಸೆರಗು, ಅನ್ನಕ್ಕೆ ಕುಣಿದ ಮಕ್ಕಳು, ಎಲ್ಲವನ್ನೂ ಬರೆದೆ, ಹೆಸರೊಂದನ್ನು ಬಿಟ್ಟು. ಸಹಿ ಹಾಕಿದೆ. ಬಟ್ಟೆಯ ಹಕ್ಕಿಯನ್ನು ಇಟ್ಟುಕೊಳ್ಳಬಹುದೇ ಎಂದು ನಿರ್ದೇಶಕಿ ಮರಳಿ ಕೇಳಿದರು. ಅವ್ವ ಒಪ್ಪಿದ್ದಾಳೆ ಎಂದು ಉತ್ತರಿಸಿದೆ.

ಹೊಸ ಹುಡುಗಿ ಈಗ ದಿನವೂ ಬಾಯಿಯೆದುರು ಅಂಗೈ ಹಿಡಿದು ಹಾಡಿನ ಮೊದಲ ಪದ ಕಲಿಯುತ್ತಿದ್ದಾಳಂತೆ. ಅವಳಿಗೂ ಒಂದು ಸಾಲು ಬರೆದು ಕಳಿಸಿದ್ದೇನೆ: ಅಲ್ಲಿ ಅಂಗೈಗೆ ಗಾಳಿ ತಾಗಬಾರದು.