ಎರಡು ಹಾಡು, ಒಂದು ಬೆರಳು

ನಮ್ಮ ಸೋದರಮಾವನವರು ಮೃದಂಗ ಕಲಿಸುತ್ತಿದ್ದ ಪದ್ಧತಿ ಬಹಳ ಸರಳವಾದದ್ದು. ತಪ್ಪಿದ ಬೆರಳಿಗೆ ರೈಲ್ವೆ ಆಫೀಸಿನಿಂದ ತಂದಿದ್ದ ದುಂಡನೆಯ ಮರದ ರೂಲಿನಿಂದ ಒಂದು ಏಟು. ಅದೇ ತಪ್ಪು ಮರುಕಳಿಸಿದರೆ ಎರಡು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದ್ರಾಸಿನ ಕ್ರೋಂಪೇಟೆಯ ಇಂಜಿನಿಯರಿಂಗ್ ಕಾಲೇಜಿಗೆ ಸೇರಿ ತಿರುವಲ್ಲಿಕ್ಕೇಣಿಯ ಅವರ ಮನೆಯಲ್ಲಿ ಉಳಿದುಕೊಂಡಾಗ ಊಟ, ವಸತಿ, ಏಟು ಮೂರೂ ಒಟ್ಟಿಗೇ ದೊರೆತವು.

ಕಾಲೇಜಿನಲ್ಲಿ ನಾವು ನಾಲ್ವರು ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೆವು. ಡ್ರಮ್ಸ್ ನನ್ನ ಪಾಲಿನದು. ಬರುವ ಶನಿವಾರದ ಸ್ಪರ್ಧೆಗೆ ಇಂಗ್ಲಿಷ್ ರಾಕ್ ತಂಡವೊಂದರ ಎರಡು ಹಾಡುಗಳನ್ನು ಆರಿಸಿದ್ದೆವು. ಮಾವ ಸುತರಾಂ ಒಪ್ಪಲಿಲ್ಲ.

"ಆ ಕಡೆಯವರ ಹಾಡೆಲ್ಲಾ ಒಂದೇ ಕಣೋ. ಬರೀ ಸತ್ತಂ, ಗಲಾಟೆ. ತಗಡಿನ ಡಬ್ಬ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ."

"ಒಂದೇ ಅಲ್ಲ ಮಾವ. ಬೇಕಾದರೆ ತಾಳ ಹಾಕಿ ನೋಡಿ."

ಮೂವತ್ತು ವರ್ಷ ತಾಳ ಹಾಕಿದವರಿಗೆ ಹೀಗೆ ಹೇಳಬಾರದು. ಪಂದ್ಯ ಅಲ್ಲೇ ನಿಗದಿಯಾಯಿತು: ಎರಡೂ ಹಾಡಿಗೆ ಮಾವ ತಪ್ಪದೆ ತಾಳ ಹಾಕಿದರೆ ನಾನು ಬ್ಯಾಂಡ್ ಬಿಡಬೇಕು; ತಪ್ಪಿದರೆ ಶನಿವಾರ ಹೋಗಿ ಬಾರಿಸಬಹುದು.

ಭಾನುವಾರ ಬೆಳಿಗ್ಗೆ ಕಾಫಿಯ ತರುವಾಯ ವಿಚಾರಣೆ ಆರಂಭವಾಯಿತು. ಮಾವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು, ರೂಲು ಬಲಗಡೆ. ಎದುರಿಗೆ ನಾನು ಎರವಲು ತಂದ ರೆಕಾರ್ಡ್ ಪ್ಲೇಯರ್. ಅತ್ತೆ ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

ಮೊದಲನೆಯದು ಬೀಗ ಹಾಕಿದ ಬಾಗಿಲನ್ನು ಒದ್ದು ಮುರಿಯುವ ಹಾಡು. ಡ್ರಮ್ ಒಂಟಿಯಾಗಿ ಶುರುವಾಗುತ್ತದೆ. ನಾಲ್ಕರ ಎಣಿಕೆ, ಎರಡಕ್ಕೂ ನಾಲ್ಕಕ್ಕೂ ದವಡೆಗೆ ಬಿಗಿದಂಥ ಏಟು. ಗಿಟಾರಿನಲ್ಲಿ ಇರುವುದು ಮೂರೇ ಸ್ವರ. ಬೀದಿ ಜಗಳದಲ್ಲಿ ಒಂದೇ ಬೈಗುಳವನ್ನು ಮತ್ತೆ ಮತ್ತೆ ಎಸೆಯುವವನ ಹಾಗೆ ಅವನ್ನೇ ಎಸೆಯುತ್ತದೆ. ಗಾಯಕ ಮೇಲಿನ ಷಡ್ಜದಲ್ಲೇ ಆರಂಭಿಸುವುದರಿಂದ ಮುಂದೆ ಕಿರುಚುವುದು ಬಿಟ್ಟು ಅವನಿಗೆ ದಾರಿಯಿಲ್ಲ. ಹಾಡು ಮುಗಿಯುವುದಿಲ್ಲ, ಕುತ್ತಿಗೆ ಕತ್ತರಿಸಿದಂತೆ ನಿಲ್ಲುತ್ತದೆ. ಮಾವ ಆದಿತಾಳ ಹಾಕಿ ಕೊನೆಯವರೆಗೂ ಸಲೀಸಾಗಿ ಬಂದರು. "ಪರವಾಗಿಲ್ಲ, ಮೋಸ ಮಾಡದೆ ಹೊಡೀತಾನೆ," ಎಂದು ಡ್ರಮ್ಮಿನವನಿಗೆ ಒಂದು ಯೋಗ್ಯತಾಪತ್ರವನ್ನೂ ಕೊಟ್ಟರು.

ಎರಡನೆಯದರಲ್ಲೂ ಆ ಇಂಗ್ಲಿಷ್ ತಂಡದ ಅದೇ ನಾಲ್ವರು, ಅದೇ ಗಿಟಾರು. ಆದರೆ ಇಲ್ಲಿ ಚಾಕು ತೋರಿಸುವುದಿಲ್ಲ, ಅಡಗಿಸಿಟ್ಟುಕೊಂಡಿರುತ್ತಾರೆ. ಗಾಯಕ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಗಿಟಾರ್ ಮಂದ್ರದಲ್ಲಿ ಏಳರ ಎಣಿಕೆಯಲ್ಲಿ ಸುತ್ತುತ್ತದೆ. ಮಾವನ ಮುಖ ಅರಳಿತು. "ಮಿಶ್ರ ಛಾಪು ಇದು. ಎಲ್ಲಿಂದ ಕದ್ದರೋ." ನಡುವೆ ಡ್ರಮ್ ಇದ್ದಕ್ಕಿದ್ದಂತೆ ನಾಲ್ಕಕ್ಕೆ ತಿರುಗುತ್ತದೆ, ಗಿಟಾರ್ ಮಾತ್ರ ಏಳನ್ನು ಬಿಡುವುದಿಲ್ಲ. ಒಂದೇ ಬೀದಿಯಲ್ಲಿ ಎರಡು ಗುಂಪಿನ ಹೊಡೆದಾಟ. ಮಾವನ ಕೈ ಸ್ವಲ್ಪ ಹೊತ್ತು ಗಿಟಾರಿನ ಪಕ್ಷದಲ್ಲಿತ್ತು. ಆಮೇಲೆ ಡ್ರಮ್ ಅದನ್ನು ಎಳೆದುಕೊಂಡಿತು. ಕೊನೆಗೆ ತೊಡೆಗೆ ಬೀಳದೆ ಗಾಳಿಯಲ್ಲೇ ನಿಂತಿತು.

ಅತ್ತೆ ತಲೆ ಎತ್ತಲಿಲ್ಲ. ಗಿಟಾರಿನ ಒಂದೊಂದು ಸುತ್ತಿಗೂ ಒಂದೊಂದು ಕಲ್ಲನ್ನು ಮೊರದ ಅಂಚಿಗೆ ತಳ್ಳುತ್ತಿದ್ದರು. ನಾಲ್ಕನೆಯ ಕಲ್ಲಿಗೆ, "ಇಲ್ಲಿ ಸೇರುತ್ತೆ," ಎಂದರು. ಡ್ರಮ್ಮೂ ಗಿಟಾರೂ ಒಟ್ಟಿಗೆ ಬಿದ್ದವು. ಮತ್ತೆ ನಾಲ್ಕು ಕಲ್ಲು. "ಇಲ್ಲಿ." ಮತ್ತೆ ಬಿದ್ದವು.

ಮೂರನೆಯ ಸಲ ಅತ್ತೆಯ ಜೊತೆಗೆ ನಾನೂ ಎಡಗೈಯಿಂದ ನೆಲ ತಟ್ಟಿ ಸಮ ತೋರಿಸಿದೆ. ಬಹುಶಃ ನಕ್ಕೆ ಕೂಡ.

ರೂಲು ಬಿದ್ದದ್ದು ಕಾಣಲಿಲ್ಲ, ಕೇಳಿಸಿತು. ಉಂಗುರಬೆರಳು ತನಗೆ ಯಾವ ಕೆಲಸವೂ ಇಲ್ಲದ ದಿಕ್ಕಿಗೆ ತಿರುಗಿ ನಿಂತಿತ್ತು. ಉಗುರಿನ ಬುಡದಿಂದ ರಕ್ತ ಚಾಪೆಗೆ ಇಳಿಯಿತು. ಅತ್ತೆ ಎದ್ದವರೇ ಮೊರವನ್ನು ಮಾವನ ಎದೆಗೆ ಬೀಸಿ ಎಸೆದರು.

"ತಾಳ ತಪ್ಪಿದ್ದು ನಿಮ್ಮ ಕೈ, ಮುರಿದದ್ದು ಅವನ ಕೈ. ಚೆನ್ನಾಗಿದೆ ರೀ ನಿಮ್ಮ ಲೆಕ್ಕ."

ಮಾವ ತಲೆಯಲ್ಲಿ ಅಕ್ಕಿ ಇಟ್ಟುಕೊಂಡೇ ಸೈಕಲ್ ರಿಕ್ಷಾ ಕರೆದು ನನ್ನನ್ನು ಮೂಳೆ ಕಟ್ಟುವವನ ಬಳಿಗೆ ಒಯ್ದರು. ದಾರಿಯಲ್ಲಿ ರಸ್ತೆಯನ್ನು ನೋಡುತ್ತಾ, "ಮಾತು ಅಂದರೆ ಮಾತು. ಶನಿವಾರ ಹೋಗು," ಎಂದರು. ಅನುಮತಿ ಪೂರ್ತಿಯಾಗಿ ಸಿಕ್ಕಿತು. ಬೆರಳನ್ನು ಮಾತ್ರ ತಡೆಹಿಡಿದಿದ್ದರು. ಮೂಳೆಯವನು ಬೆರಳು ಹಿಡಿದು ಎಳೆದಾಗ ನಾನು ಕಚ್ಚಿದ್ದು ಮಾವನ ಭುಜವನ್ನು. ಅವರು ಬಿಡಿಸಿಕೊಳ್ಳಲಿಲ್ಲ.

ಶನಿವಾರ ಬಿದಿರಿನ ಪಟ್ಟಿ ಕಟ್ಟಿದ ಕೈಯಲ್ಲಿ ಎಲೆಕ್ಟ್ರಿಕ್ ಟ್ರೈನು ಹತ್ತಿ ಹೋದೆ. ವೇದಿಕೆಯ ಹಿಂದೆ ಎರಡನೆಯ ಹಾಡನ್ನು ಮೂರು ಸಲ ಪ್ರಯತ್ನಿಸಿದೆವು. ನಾಲ್ಕೂ ಏಳೂ ಬೇರೆಯಾಗುವ ಜಾಗದಲ್ಲಿ ಎಡಗೈಯ ಕೋಲು ಪ್ರತಿ ಸಲವೂ ಜಾರಿ ಬಿತ್ತು.

"ವಿಡುಡಾ, ಬಿಟ್ಟುಬಿಡು, ಮೊದಲನೇದು ಒಂದೇ ಸಾಕು," ಎಂದ ಗಿಟಾರಿನವನು.

ಅದನ್ನು ಬಾರಿಸಿದೆ. ಎರಡಕ್ಕೂ ನಾಲ್ಕಕ್ಕೂ ನೋವು ಹೆಗಲವರೆಗೆ ಏರುತ್ತಿತ್ತು. ಏರಿದಷ್ಟೂ ಜೋರಾಗಿ ಹೊಡೆದೆ. ಕೊನೆಗೆ ಚರ್ಮ ಹರಿಯಿತು, ಡ್ರಮ್ಮಿನದು. ಹುಡುಗರು ಕುರ್ಚಿ ಎತ್ತಿ ಎಸೆದು ಮೆಚ್ಚುಗೆ ಸೂಚಿಸಿದರು. ಬಹುಮಾನ ಬರಲಿಲ್ಲ.

ಸಂಜೆ ಮಾವ ಬಾಗಿಲಲ್ಲೇ ನಿಂತಿದ್ದರು. "ಯಾವುದು ಬಾರಿಸಿದೆ?"

"ಮೊದಲನೇದು."

"ಎರಡನೇದು?"

"ಕೈ ಬರಲಿಲ್ಲ."

"ಮೊದಲನೇದಕ್ಕೆ ಕೈ ಬೇಕಾಗಿಲ್ಲ," ಎಂದರು ಮಾವ. "ಕೋಪ ಇದ್ದರೆ ಸಾಕು."

ಆ ವಿಷಯದಲ್ಲಿ ಅವರು ಬಲ್ಲವರು.